ಕರ್ನಲ್ ಡೀಬಗ್ ಮಾಹಿತಿ: ಕಣ್ಣಿಗೆ ಬರೆಯೋದಾ, ಸ್ಕ್ರಿಪ್ಟ್‌ಗೆ ಬರೆಯೋದಾ?

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಒಂದು ನೆಟ್‌ವರ್ಕ್ ಕಾರ್ಡ್‌ಗೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇವೆ. ಡೀಬಗ್ ಮಾಹಿತಿಯನ್ನು ಯಾವ ರೂಪದಲ್ಲಿ ಹೊರಗೆ ಕೊಡಬೇಕು ಅನ್ನೋದರಲ್ಲಿ ಒಬ್ಬರಿಗೊಬ್ಬರು ಒಪ್ಪುತ್ತಿಲ್ಲ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್ ತೋರಿಸುವ ಡಿಮೆಸೇಜ್‌ನಲ್ಲಿ ಓದೋಕೆ ಸುಲಭವಾದ ಸಾಲುಗಳು ಬಂದರೆ ಸಾಕು ಅಂತ ನನಗೆ ಅನಿಸುತ್ತದೆ. ಟೆಸ್ಟ್ ನೋಡಿಕೊಳ್ಳುವವರು ಎಲ್ಲವನ್ನೂ ಜೇಸನ್‌ನಲ್ಲಿ (ಬ್ರಾಕೆಟ್, ಕೋಟ್ ಹಾಕಿ ಬರೆಯುವ, ಪ್ರೋಗ್ರಾಂಗಳು ಓದುವ ಪಠ್ಯ ರೂಪ) ಕೊಡಿ ಅನ್ನುತ್ತಾರೆ. ಇನ್ನೊಬ್ಬರು ಬೈನರಿ ಸ್ಟ್ರಕ್ಟನ್ನು (ಮೆಮೊರಿಯಲ್ಲಿರುವ ಫೀಲ್ಡ್‌ಗಳ ಕಟ್ಟು) ಹಾಗೇ ಸುರಿದುಬಿಡೋಣ, ವೇಗ ಜಾಸ್ತಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು? ಫೈಲ್‌ನ ಮೊದಲ ಸಾಲಿನಲ್ಲಿ ವರ್ಷನ್ ನಂಬರ್ ಹಾಕಬೇಕಾ?

ಉತ್ತರ: ಮೂವರ ವಾದದಲ್ಲೂ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಆ ಮಾಹಿತಿಯನ್ನು ಯಾರಾದರೂ ಓದುವ ಹೊತ್ತಿಗೆ ಕರ್ನಲ್ ಬದುಕಿರುತ್ತದಾ, ಸತ್ತುಹೋಗಿರುತ್ತದಾ? ಓದುವುದು ಮನುಷ್ಯನಾ, ಪ್ರೋಗ್ರಾಮಾ ಅನ್ನುವುದು ಆಮೇಲಿನ ಮಾತು. ಕರ್ನಲ್ ಬದುಕಿದ್ದರೆ ಸಮಯ ಇದೆ, ಮೆಮೊರಿ ಇದೆ, ಪಕ್ಕದಲ್ಲಿ ಕೈಜೋಡಿಸೋಕೆ ಯೂಸರ್ ಸ್ಪೇಸ್ (ಕರ್ನಲ್ ಹೊರಗಿನ ಪ್ರೋಗ್ರಾಂಗಳ ಲೋಕ) ಇದೆ. ಮಾಹಿತಿಯನ್ನು ಹಸಿಯಾಗಿ ಕೊಟ್ಟರೂ ನಡೆಯುತ್ತದೆ, ಅಡುಗೆ ಹೊರಗೆ ಮಾಡಿಕೊಳ್ಳಬಹುದು. ಸಾಯುತ್ತಿರುವ ಕರ್ನಲ್‌ಗೆ ಇದ್ಯಾವುದೂ ಇಲ್ಲ. ಕೊನೆಯ ಉಸಿರಿನಲ್ಲಿ ಅದು ಏನು ಹೇಳುತ್ತದೋ ನಮಗೆ ಸಿಗುವುದು ಅಷ್ಟೇ.

ಸಾಯುವ ಹೊತ್ತಿನಿಂದಲೇ ಶುರು ಮಾಡೋಣ.

ಊಪ್ಸ್ (ಕರ್ನಲ್ ಒಳಗೇ ಎಡವಟ್ಟಾದಾಗ ಬರುವ ದೂರು) ಬಂದಾಗ ಕರ್ನಲ್ ಉಗುಳುವ ಉದ್ದನೆಯ ಪಠ್ಯ ನೋಡಿರುತ್ತೀರಿ. ರಿಜಿಸ್ಟರ್‌ಗಳು, ಸ್ಟ್ಯಾಕ್ ಟ್ರೇಸ್, ಯಾವ ಫಂಕ್ಷನ್‌ನಲ್ಲಿ ಎಷ್ಟು ಬೈಟ್ ಒಳಗೆ ಹೋದಾಗ ಬಿತ್ತು ಅನ್ನುವ ಲೆಕ್ಕ. ಇದೆಲ್ಲ ಪಠ್ಯವಾಗಿಯೇ ಬರುವುದಕ್ಕೆ ಕಾರಣ ಇದೆ. ಆ ಕ್ಷಣದಲ್ಲಿ ಡಿಸ್ಕನ್ನು ನಂಬುವಂತಿಲ್ಲ, ನೆಟ್‌ವರ್ಕನ್ನು ನಂಬುವಂತಿಲ್ಲ. ಮೆಮೊರಿ ಕೇಳೋಣ ಅಂದರೆ ಅಲೊಕೇಟರ್‌ನ ಲಾಕ್ ಹಿಡಿದುಕೊಂಡೇ ಯಾರೋ ಬಿದ್ದಿರಬಹುದು. ಸೀರಿಯಲ್ ವೈರ್‌ನಲ್ಲಿ ಒಂದೊಂದೇ ಅಕ್ಷರ ತಳ್ಳಬೇಕು, ಅದೂ ನಡುವೆ ನಿಂತುಹೋಗಬಹುದು. ಪಠ್ಯ ಅರ್ಧಕ್ಕೆ ನಿಂತರೆ ಅರ್ಧ ಪಠ್ಯವಾದರೂ ಸಿಗುತ್ತದೆ, ಅದರಿಂದಲೇ ಬಗ್ ಹಿಡಿದವರು ಬೇಕಾದಷ್ಟು ಜನ ಇದ್ದಾರೆ. ಜೇಸನ್ ಅರ್ಧಕ್ಕೆ ನಿಂತರೆ ಪಾರ್ಸರ್ ಮುಚ್ಚದ ಬ್ರಾಕೆಟ್ ತೋರಿಸಿ ಕೈ ಎತ್ತಿಬಿಡುತ್ತದೆ.

ಸಿಸ್ಟಮ್ ಗಟ್ಟಿಯಾಗಿ ನಿಂತಿರುವಾಗಲೂ ಪ್ರಿಂಟ್‌ಕೆ (ಕರ್ನಲ್ ಲಾಗ್‌ಗೆ ಸಾಲು ಬರೆಯುವ ಫಂಕ್ಷನ್) ಒಳಗೆ ಜೇಸನ್ ತುಂಬಬೇಡಿ. ಅಲ್ಲಿ ಒಂದು ದಾಖಲೆಗೆ ಸುಮಾರು 1024 ಬೈಟ್‌ನ ಮಿತಿ ಇದೆ. ಅದಕ್ಕಿಂತ ಉದ್ದ ಬರೆದರೆ ಬಾಲ ಕತ್ತರಿಸಿಹೋಗುತ್ತದೆ. ನಿಮ್ಮ ಕಾರ್ಡ್‌ನಲ್ಲಿ 8 ಕ್ಯೂ (ಪ್ಯಾಕೆಟ್‌ಗಳ ಸರದಿ) ಇದ್ದಾಗ ಸರಿಯಾಗಿ ಬರುತ್ತಿದ್ದ ಜೇಸನ್, 32 ಕ್ಯೂ ಇರುವ ಮಾದರಿಯಲ್ಲಿ ಮುರಿದುಬೀಳುತ್ತದೆ. ಕೋಡ್‌ನಲ್ಲಿ ಏನೂ ಬದಲಾಗಿರುವುದಿಲ್ಲ, ಅದೇ ತಲೆ ಕೆಡಿಸುವುದು.

ಊಪ್ಸ್‌ನ ಒಂದು ಸಾಲನ್ನು ಹತ್ತಿರದಿಂದ ನೋಡಿ. ಎಕ್ಸ್86 ಮೆಷಿನ್‌ನಲ್ಲಿ ಪೇಜ್ ಫಾಲ್ಟ್‌ನಿಂದ (ಮೆಮೊರಿಯ ಒಂದು ಪೇಜ್ ಮುಟ್ಟೋಕೆ ಹೋಗಿ ಆಗದೆ) ಊಪ್ಸ್ ಬಂದರೆ ಹಿಂದೆ ಸಿಗುತ್ತಿದ್ದುದು 'ಊಪ್ಸ್: 0002' ಅನ್ನುವ ಬರೀ ನಂಬರ್. ಬಾಯಿಪಾಠ ಇದ್ದವರು ಬಿಟ್ ಬಿಡಿಸಿ ಓದುತ್ತಿದ್ದರು. ಕೊನೆಯ ಬಿಟ್ 0, ಅಂದರೆ ಪೇಜ್ ಅಲ್ಲಿ ಇರಲೇ ಇಲ್ಲ. ಅದರ ಎಡಗಡೆಯದು 1, ಅಂದರೆ ಓದೋಕಲ್ಲ, ಬರೆಯೋಕೆ ಹೋಗಿದ್ದು. ಮೂರನೆಯದು 0, ಅಂದರೆ ಹೋಗಿದ್ದು ಕರ್ನಲ್ಲೇ, ಯೂಸರ್ ಪ್ರೋಗ್ರಾಂ ಅಲ್ಲ. ಈಗಿನ ಕರ್ನಲ್‌ಗಳು ಆ ನಂಬರನ್ನು ಹಾಗೇ ಇಟ್ಟುಕೊಂಡು, ಜೊತೆಗೆ ಕರ್ನಲ್ ಮೋಡ್‌ನಲ್ಲಿ ಬರೆಯೋಕೆ ಹೋಗಿದ್ದು, ಪೇಜ್ ಇರಲಿಲ್ಲ ಅಂತ ಮಾತಿನಲ್ಲೂ ಹೇಳುತ್ತವೆ. ಮಾತು ಬಂತು ಅಂತ ನಂಬರನ್ನು ತೆಗೆದುಹಾಕಲಿಲ್ಲ.

ನಿಮ್ಮ ಕಾರ್ಡ್‌ನ ಸ್ಟೇಟಸ್ ರಿಜಿಸ್ಟರ್ ಬರೆಯುವಾಗಲೂ ಹೀಗೇ ಮಾಡಿ. ಮೊದಲು ಹೆಕ್ಸ್‌ನಲ್ಲಿ ಹಸಿ ನಂಬರ್, ಪಕ್ಕದಲ್ಲೇ ಅದರ ಅರ್ಥ. ಬರೀ ಅರ್ಥ ಬರೆದರೆ ಸಾಲದಾ ಅಂತ ಕೇಳಬಹುದು. ಸಾಲದು. ಅರ್ಥ ಬಿಡಿಸುವ ಕೋಡ್ ಬರೆದವರೂ ನೀವೇ ಅಲ್ವಾ? ಅದರಲ್ಲೇ ಬಗ್ ಇದ್ದರೆ ಕಾಪಾಡುವುದು ಹಸಿ ನಂಬರ್ ಒಂದೇ. ಒಂದು ಸಲ ನಾನೇ ಎರಡು ದಿನ 'ಲಿಂಕ್ ಅಪ್' ಅನ್ನುವ ಸಾಲನ್ನು ನಂಬಿ ಕೂತಿದ್ದೆ. ಬಿಟ್ ನಂಬರನ್ನು ಒಂದು ಸ್ಥಾನ ತಪ್ಪಾಗಿ ಬರೆದವನೂ ನಾನೇ. ಹಸಿ ನಂಬರ್ ಪಕ್ಕದಲ್ಲಿದ್ದಿದ್ದರೆ ಐದು ನಿಮಿಷದ ಕೆಲಸ.

ಎರರ್ ಕೋಡ್‌ಗೂ ಇದೇ ಮಾತು. ಪ್ರಿಂಟ್‌ಕೆಯಲ್ಲಿ ಶೇಕಡಾ ಚಿಹ್ನೆ, ಪಿ, ಇ ಅಂತ ಬರೆದು ಎರರ್ ಪಾಯಿಂಟರ್ ಕೊಟ್ಟರೆ -5 ಬದಲು -ಇಐಒ ಅಂತ ಹೆಸರೇ ಬರುತ್ತದೆ. ಕರ್ನಲ್‌ನಲ್ಲಿ ಆ ಹೆಸರುಗಳ ಪಟ್ಟಿ ಸೇರಿಸುವ ಆಯ್ಕೆ ಆನ್ ಇರಬೇಕು, ಅಷ್ಟೇ. ಪಾಯಿಂಟರ್‌ಗಳ ವಿಷಯದಲ್ಲಿ ಮಾತ್ರ ಜೋಕೆ. ಲಿನಕ್ಸ್ 4.15ರಿಂದ ಈಚೆಗೆ ಸುಮ್ನೆ ಶೇಕಡಾ-ಪಿ ಹಾಕಿದರೆ ನಿಜವಾದ ವಿಳಾಸ ಬರುವುದಿಲ್ಲ, ಹ್ಯಾಶ್ ಮಾಡಿದ ನಂಬರ್ ಬರುತ್ತದೆ. ಒಂದೇ ಬೂಟ್‌ನಲ್ಲಿ ಎರಡು ಸಾಲುಗಳಲ್ಲಿರುವುದು ಒಂದೇ ಪಾಯಿಂಟರಾ ಅಂತ ಹೋಲಿಸಬಹುದು. ಡಂಪ್ ತೆಗೆದು ಆ ವಿಳಾಸ ಹುಡುಕುತ್ತೇನೆ ಅಂದರೆ ಸಿಗುವುದಿಲ್ಲ.

ಹಾಗಂತ ಊಪ್ಸ್ ಬರೀ ಮನುಷ್ಯರ ಕಣ್ಣಿಗೆ ಬರೆದದ್ದು ಅಂದುಕೊಳ್ಳಬೇಡಿ. ತಾನಾಗಿಯೇ ಬಗ್ ಹುಡುಕುವ ಸಿಜ್‌ಬಾಟ್ ಅನ್ನುವ ವ್ಯವಸ್ಥೆ ಹಗಲೂ ರಾತ್ರಿ ಕರ್ನಲ್‌ಗಳನ್ನು ಬೀಳಿಸಿ, ಕನ್ಸೋಲ್‌ನಲ್ಲಿ ಬಂದ ಪಠ್ಯವನ್ನೇ ರೆಜೆಕ್ಸ್ (ಪಠ್ಯದ ಮಾದರಿ ಹುಡುಕುವ ಸೂತ್ರ) ಹಾಕಿ ಓದಿ, ಬಗ್‌ಗೆ ಒಂದು ಹೆಸರಿಟ್ಟು, ಹಳೆಯದಾ ಹೊಸದಾ ಅಂತ ವಿಂಗಡಿಸುತ್ತದೆ. ಎಚ್ಚರಿಕೆಯ ಪಠ್ಯದ ಮೇಲೆ ಅಡ್ಡಗೆರೆಗಳ ನಡುವೆ 'ಇಲ್ಲಿ ಕತ್ತರಿಸಿ' ಅನ್ನುವ ಸಾಲು, ಕೊನೆಯಲ್ಲಿ 'ಟ್ರೇಸ್ ಮುಗಿಯಿತು' ಅನ್ನುವ ಸಾಲು ಇರುತ್ತದಲ್ಲ, ಎಲ್ಲಿಂದ ಎಲ್ಲಿಯವರೆಗೆ ಕಾಪಿ ಮಾಡಬೇಕು ಅಂತ ಮನುಷ್ಯನಿಗೂ ಸ್ಕ್ರಿಪ್ಟ್‌ಗೂ ತೋರಿಸುವುದು ಅವೇ. ಸಾಲಿನ ಆಕಾರ ನೆಟ್ಟಗಿದ್ದರೆ ಪಠ್ಯವನ್ನು ಯಂತ್ರ ಓದುತ್ತದೆ. ಒಂದು ವಾಕ್ಯವನ್ನು ಮೂರು ಪ್ರಿಂಟ್‌ಕೆಗಳಲ್ಲಿ ತುಂಡುತುಂಡಾಗಿ ಬರೆದರೆ ಆಕಾರ ಹೋಯಿತು. ನಡುವೆ ಇನ್ನೊಂದು ಸಿಪಿಯುನ ಸಾಲು ತೂರಿಕೊಳ್ಳುತ್ತದೆ. 5.1ರಲ್ಲಿ ಬಂದ ಪ್ರಿಂಟ್‌ಕೆ ಕಾಲರ್ ಆಯ್ಕೆ ಪ್ರತಿ ಸಾಲಿನ ಮುಂದೆ ಯಾವ ಥ್ರೆಡ್ ಅಥವಾ ಯಾವ ಸಿಪಿಯು ಅಂತ ಗುರುತು ಹಾಕುತ್ತದೆ, ಕಲಸಿಹೋದ ಸಾಲುಗಳನ್ನು ಬಿಡಿಸೋಕೆ ಸಹಾಯ ಆಗುತ್ತದೆ. ಆದರೂ ಒಂದು ವಿಷಯ ಒಂದೇ ಸಾಲಿನಲ್ಲಿ ಮುಗಿಯಲಿ.

ಸಾವಿನ ಹೊತ್ತಿನಲ್ಲಿ ಯಂತ್ರಕ್ಕಾಗಿಯೇ ಬರೆಯುವ ಒಂದು ಮಜವಾದ ಉದಾಹರಣೆಯೂ ಈಗ ಇದೆ. ಸೀರಿಯಲ್ ಪೋರ್ಟೇ ಇಲ್ಲದ ಲ್ಯಾಪ್‌ಟಾಪ್ ಪ್ಯಾನಿಕ್ ಆದರೆ, ಅಂದರೆ ಕರ್ನಲ್ ಪೂರ್ತಿ ನಿಂತುಹೋದರೆ, ಜನ ಏನು ಮಾಡುತ್ತಿದ್ದರು? ಮೊಬೈಲ್‌ನಲ್ಲಿ ಪರದೆಯ ಫೋಟೋ ತೆಗೆದು, ಆಮೇಲೆ ಅದನ್ನು ನೋಡಿಕೊಂಡು ಹೆಕ್ಸ್ ನಂಬರ್‌ಗಳನ್ನು ಟೈಪ್ ಮಾಡುತ್ತಿದ್ದರು. ಲಿನಕ್ಸ್ 6.12ರಿಂದ ಪ್ಯಾನಿಕ್ ಪರದೆಯಲ್ಲಿ ಕ್ಯೂಆರ್ ಕೋಡ್ ಬರುವಂತೆ ಮಾಡಿಕೊಳ್ಳಬಹುದು. ಲಾಗ್‌ನ ಕೊನೆಯ ಸಾಲುಗಳನ್ನು ಕುಗ್ಗಿಸಿ ಅದರೊಳಗೆ ತುಂಬುತ್ತದೆ. ಕೇಳೋಕೆ ಆಟದಂತಿದೆ. ಆದರೆ ಅಲ್ಲಿ ಓದುವುದು ಮೊಬೈಲ್‌ನ ಕ್ಯಾಮೆರಾ, ಅದಕ್ಕೆ ಬೇಕಾದ ರೂಪದಲ್ಲೇ ಕೊಟ್ಟಿದ್ದಾರೆ.

ಇನ್ನು ಕೆಡಂಪ್. ಕರ್ನಲ್ ಬಿದ್ದ ಕೂಡಲೇ ಎರಡನೇ ಕರ್ನಲ್ ಎದ್ದು, ಮೊದಲನೆಯದರ ಮೆಮೊರಿಯನ್ನು ವಿಎಂಕೋರ್ ಫೈಲ್ ಆಗಿ ಉಳಿಸುತ್ತದೆ. ಪೂರ್ತಿ ಬೈನರಿ, ಈಎಲ್‌ಎಫ್ ರೂಪ. ನಿಮ್ಮ ಬೈನರಿ ಗೆಳೆಯರಿಗೆ ಇದರಲ್ಲಿ ಒಂದು ವಿಷಯ ತೋರಿಸಿ. ಆ ಬೈನರಿಯೊಳಗೆ ವಿಎಂಕೋರ್‌ಇನ್ಫೋ ಅನ್ನುವ ಒಂದು ಚೀಟಿ ಇದೆ, ಅದು ಅಪ್ಪಟ ಪಠ್ಯ. ಕರ್ನಲ್ ವರ್ಷನ್ ಇಷ್ಟು, ಪೇಜ್ ಅಳತೆ=4096, ಇಂಥ ಸ್ಟ್ರಕ್ಟ್‌ನಲ್ಲಿ ಇಂಥ ಫೀಲ್ಡ್ ಇಷ್ಟನೇ ಬೈಟ್‌ನಲ್ಲಿ ಶುರು ಅಂತ ಸಾಲುಸಾಲಾಗಿ ಬರೆದಿರುತ್ತದೆ. ಗಿಗಾಬೈಟ್‌ಗಟ್ಟಲೆ ಬೈನರಿ ಓದೋಕೆ ದಾರಿ ತೋರಿಸುವುದು ಗ್ರೆಪ್ ಮಾಡಬಹುದಾದ (ಪದ ಕೊಟ್ಟು ಹುಡುಕಬಹುದಾದ) ಒಂದು ಚೀಟಿ. ಬೈನರಿ ಕೊಡುವುದಾದರೆ ಜೊತೆಗೆ ಅದರ ನಕ್ಷೆಯನ್ನೂ ಕೊಡಬೇಕು. ಈ ಮಾತು ಮುಂದೆ ಮತ್ತೆ ಬರುತ್ತದೆ.

ಈಗ ಬದುಕಿರುವ ಕರ್ನಲ್‌ಗೆ ಬರೋಣ. ನಿಜವಾದ ಗೋಳು ಇರುವುದು ಇಲ್ಲೇ.

ಪ್ರಾಕ್‌ನಲ್ಲಿ (ಕರ್ನಲ್ ತನ್ನ ಸ್ಥಿತಿಯನ್ನು ಫೈಲ್‌ಗಳಾಗಿ ತೋರಿಸುವ ಫೋಲ್ಡರ್) ಪ್ರತಿ ಪ್ರೋಸೆಸ್‌ಗೂ ಸ್ಟ್ಯಾಟ್ ಅಂತ ಒಂದು ಫೈಲ್ ಇದೆ, ಸ್ಟೇಟಸ್ ಅಂತ ಇನ್ನೊಂದು ಇದೆ. ಹೆಸರು ಹತ್ತಿರ ಹತ್ತಿರ, ಸ್ವಭಾವ ಬೇರೆ. ಸ್ಟೇಟಸ್‌ನಲ್ಲಿ ಒಂದು ಸಾಲಿಗೆ ಒಂದು ವಿಷಯ, ಮುಂದೆ ಹೆಸರು, ಪಕ್ಕದಲ್ಲಿ ಬೆಲೆ. ಮನುಷ್ಯನಿಗೆ ಅಂತ ಮಾಡಿದ್ದು. ಸ್ಟ್ಯಾಟ್ ಯಂತ್ರಕ್ಕೆ ಅಂತ ಮಾಡಿದ್ದು. ಒಂದೇ ಸಾಲು, 52 ಫೀಲ್ಡ್, ನಡುವೆ ಸ್ಪೇಸ್, ಯಾವುದಕ್ಕೂ ಹೆಸರಿಲ್ಲ. ಎಷ್ಟನೆಯದು ಏನು ಅಂತ ಮ್ಯಾನ್ ಪೇಜ್ ನೋಡಿ ತಿಳಿದುಕೊಳ್ಳಬೇಕು. 14ನೆಯದು ಯೂಸರ್ ಸಮಯ, 15ನೆಯದು ಸಿಸ್ಟಮ್ ಸಮಯ. ಆಕ್‌ನಲ್ಲಿ (ಸ್ಪೇಸ್ ನೋಡಿ ಸಾಲು ಒಡೆಯುವ ಟೂಲ್) ಆ ಎರಡನ್ನೂ ಕೂಡಿದರೆ ಪ್ರೋಸೆಸ್ ತಿಂದ ಸಿಪಿಯು ಸಮಯ ಬರುತ್ತದೆ. ಒಂದೇ ಸಾಲಿನ ಸ್ಕ್ರಿಪ್ಟ್, ಎಷ್ಟೋ ಜನ ಬರೆದಿದ್ದಾರೆ. ನಾನೂ ಬರೆದಿದ್ದೆ.

ಆ ಸಾಲಿನ ಎರಡನೇ ಫೀಲ್ಡ್ ಪ್ರೋಸೆಸ್‌ನ ಹೆಸರು, ದುಂಡು ಬ್ರಾಕೆಟ್ ಒಳಗೆ ಇರುತ್ತದೆ. 15 ಬೈಟ್‌ವರೆಗೆ ಏನು ಹೆಸರು ಬೇಕಾದರೂ ಇಡಬಹುದು, ಸ್ಪೇಸ್ ಹಾಕಬಹುದು, ಬ್ರಾಕೆಟ್ಟೂ ಹಾಕಬಹುದು. ಯಾರೋ ತಮ್ಮ ಥ್ರೆಡ್‌ಗೆ 'ವರ್ಕರ್ 2' ಅಂತ ಹೆಸರಿಟ್ಟರು ಅಂದುಕೊಳ್ಳಿ. ಸಾಲು ಹೀಗಾಗುತ್ತದೆ: 4211 (ವರ್ಕರ್ 2) ಎಸ್ 1 4211 ಹೀಗೆ. ಹೆಸರಿನೊಳಗಿನ ಒಂದು ಸ್ಪೇಸ್‌ನಿಂದ ಮುಂದಿನ ಎಲ್ಲ ಫೀಲ್ಡ್‌ಗಳೂ ಒಂದು ಸ್ಥಾನ ಸರಿದವು. ಈಗ ಆಕ್ 14ನೆಯದು ಅಂತ ತೆಗೆದುಕೊಳ್ಳುವುದು ನಿಜವಾಗಿ 13ನೆಯದು. ಅದು ಮಕ್ಕಳ ಪ್ರೋಸೆಸ್‌ಗಳ ಮೇಜರ್ ಫಾಲ್ಟ್ ಎಣಿಕೆ, ಬಹಳ ಸಲ ಸೊನ್ನೆ. 15ನೆಯದು ಅಂತ ತೆಗೆದುಕೊಳ್ಳುವುದು ಯೂಸರ್ ಸಮಯ. ಸಿಸ್ಟಮ್ ಸಮಯ ಲೆಕ್ಕದಿಂದಲೇ ಹೊರಗೆ ಬಿತ್ತು. ಸ್ಕ್ರಿಪ್ಟ್ ನಿಲ್ಲಲಿಲ್ಲ, ಎರರ್ ಕೊಡಲಿಲ್ಲ. ಸ್ವಲ್ಪ ಕಡಿಮೆ ನಂಬರ್ ತೋರಿಸುತ್ತಾ ಹೋಯಿತು. ಗ್ರಾಫ್ ಚೆನ್ನಾಗಿಯೇ ಕಾಣುತ್ತಿತ್ತು. ಸರಿಯಾಗಿ ಓದಬೇಕು ಅಂದರೆ ಸಾಲಿನ ಕೊನೆಯಿಂದ ಹಿಂದಕ್ಕೆ ಹೋಗಿ, ಕಟ್ಟಕಡೆಯ ಮುಚ್ಚುವ ಬ್ರಾಕೆಟ್ ಹುಡುಕಿ, ಅದರ ಮುಂದಿನಿಂದ ಎಣಿಸಬೇಕು. ಯಂತ್ರಕ್ಕೆ ಅಂತ ಮಾಡಿದ ಫೈಲನ್ನು ಯಂತ್ರ ತಪ್ಪಾಗಿ ಓದಿತು. ಮನುಷ್ಯನಿಗೆ ಅಂತ ಮಾಡಿದ ಸ್ಟೇಟಸ್ ಫೈಲ್‌ನಲ್ಲಿ ಈ ತೊಂದರೆಯೇ ಇಲ್ಲ, ಅಲ್ಲಿ ಪ್ರತಿ ಬೆಲೆಗೂ ಹೆಸರಿದೆ.

ನೆಟ್‌ವರ್ಕ್ ಡ್ರೈವರ್ ಬರೆಯುವ ನಿಮಗೆ ಇನ್ನೊಂದು ಹಳೇ ಕಥೆ ಹೇಳಲೇಬೇಕು. ಪ್ರಾಕ್ ನೆಟ್ ಡೆವ್ ಫೈಲ್‌ನಲ್ಲಿ ಇಂಟರ್‌ಫೇಸ್ ಹೆಸರು, ಕೋಲನ್, ಆಮೇಲೆ ಬೈಟ್ ಎಣಿಕೆ. ಹಳೆಯ ಕರ್ನಲ್‌ಗಳಲ್ಲಿ ಕೋಲನ್ ಆದಮೇಲೆ ಸ್ಪೇಸ್ ಇರುತ್ತಿರಲಿಲ್ಲ, ಎಣಿಕೆಗೆ 8 ಅಂಕಿಯ ಜಾಗ ಇಟ್ಟಿದ್ದರು. ಮೆಷಿನ್ ಈಗ ತಾನೇ ಬೂಟ್ ಆಗಿದ್ದರೆ ಎಣಿಕೆ ಚಿಕ್ಕದು, ಖಾಲಿ ಜಾಗ ಉಳಿಯುತ್ತದೆ, ಸ್ಪೇಸ್ ನೋಡಿ ಒಡೆಯುವ ಸ್ಕ್ರಿಪ್ಟ್ ಸರಿಯಾಗಿ ನಡೆಯುತ್ತದೆ. ಎಣಿಕೆ 8 ಅಂಕಿ ಮುಟ್ಟಿದ ಕೂಡಲೇ ಹೆಸರೂ ನಂಬರೂ ಅಂಟಿಕೊಂಡು ಒಂದೇ ಪದ ಆಗುತ್ತದೆ. ಟೆಸ್ಟ್ ಮಾಡುವಾಗ ಸರಿ, ಕೆಲವು ಗಂಟೆ ಓಡಿದ ಮೇಲೆ ತಪ್ಪು. ಕಾಲಮ್ ನೇರವಾಗಿ ಕಾಣಲಿ ಅಂತ ಮಾಡಿದ ಅಲಂಕಾರ, ಗಡಿ ಗುರುತಿಸುವ ಕೆಲಸವನ್ನೂ ತಾನೇ ಹೊತ್ತುಕೊಂಡರೆ ಹೀಗೇ ಆಗುವುದು.

ಪಠ್ಯ ಅಂದ ಮಾತ್ರಕ್ಕೆ ಮನುಷ್ಯನಿಗೆ ಅರ್ಥ ಆಗುತ್ತದೆ ಅಂತಲೂ ಇಲ್ಲ. ಪ್ರಾಕ್ ನೆಟ್ ಟಿಸಿಪಿ ತೆರೆದು ನೋಡಿ. 8.8.4.4ರ 53ನೇ ಪೋರ್ಟ್‌ಗೆ ಕನೆಕ್ಷನ್ ಇದ್ದರೆ ನಮ್ಮ ನಿಮ್ಮ ಪಿಸಿಗಳಲ್ಲಿ 04040808:0035 ಅಂತ ಕಾಣುತ್ತದೆ. ವಿಳಾಸದ ಬೈಟ್‌ಗಳು ಹಿಂದುಮುಂದು, ಪೋರ್ಟ್ ಮಾತ್ರ ನೆಟ್ಟಗೆ, ಎರಡೂ ಹೆಕ್ಸ್. ಬೈಟ್ ಕ್ರಮ ಬೇರೆ ಇರುವ ಪ್ರೋಸೆಸರ್‌ನಲ್ಲಿ ಅದೇ ವಿಳಾಸ ನೆಟ್ಟಗೆ ಬರುತ್ತದೆ. ಕಣ್ಣಿಗೂ ಹಿತವಿಲ್ಲ, ಯಂತ್ರಕ್ಕೂ ಹಿತವಿಲ್ಲ. ಕನೆಕ್ಷನ್‌ಗಳ ಪಟ್ಟಿ ತೋರಿಸುವ ಎಸ್‌ಎಸ್ ಟೂಲ್ ಈ ಫೈಲನ್ನು ಬಿಟ್ಟು ನೆಟ್‌ಲಿಂಕ್ (ಕರ್ನಲ್ ಜೊತೆ ಬೈನರಿಯಲ್ಲಿ ಮಾತಾಡುವ ದಾರಿ) ಮೂಲಕ ಕೇಳುವುದು ಸುಮ್ನೆ ಅಲ್ಲ.

ಇವುಗಳನ್ನು ಸರಿಮಾಡಬಾರದಾ ಅಂದರೆ, ಸುಲಭವಾಗಿ ಮಾಡುವಂತಿಲ್ಲ. ಯಾರೋ ಒಬ್ಬರು ಓದುವ ಸ್ಕ್ರಿಪ್ಟ್ ಬರೆದ ದಿನ ನಿಮ್ಮ ಸಾಲು ಎಬಿಐ (ಮುರಿಯಬಾರದ ಒಪ್ಪಂದ) ಆಗಿಬಿಡುತ್ತದೆ. ಮೆಮೊರಿ ಲೆಕ್ಕದ ಮೆಮ್‌ಇನ್ಫೋ ಫೈಲ್‌ನಲ್ಲಿ 'ಕೆಬಿ' ಅಂತ ಬರೆದಿರುವುದು ನಿಜವಾಗಿ 1024 ಬೈಟ್‌ನ ಲೆಕ್ಕ. ಎಲ್ಲರಿಗೂ ಗೊತ್ತು, ಆದರೂ ಹಾಗೇ ಇದೆ. ಡೀಬಗ್ ಫೈಲ್‌ಗಳಿಗೆ ಅಂತಲೇ ಇರುವ ಡೀಬಗ್‌ಎಫ್‌ಎಸ್‌ನಲ್ಲಾದರೆ ಸ್ವಾತಂತ್ರ್ಯ ಜಾಸ್ತಿ. ಕರ್ನಲ್ ಡೆವಲಪರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್ 2004ರಲ್ಲಿ ಅದನ್ನು ತಂದಾಗಲೇ, ಡಿವೈಸ್‌ಗಳ ಮಾಹಿತಿ ಇರುವ ಸಿಸ್‌ಎಫ್‌ಎಸ್‌ನಲ್ಲಿರುವ 'ಒಂದು ಫೈಲ್‌ಗೆ ಒಂದೇ ಬೆಲೆ' ಅನ್ನುವ ಕಟ್ಟುಪಾಡು ಇಲ್ಲಿ ಬೇಡ ಅನ್ನುವುದೇ ಉದ್ದೇಶ. ಆದರೂ ನಂಬಿ ಕೂರಬೇಡಿ. ಉಪಯೋಗಕ್ಕೆ ಬರುವ ಫೈಲ್‌ಗೆ ಬಳಕೆದಾರರು ಹುಟ್ಟಿಕೊಂಡೇ ಕೊಳ್ಳುತ್ತಾರೆ. ಇನ್ನೊಂದು ಕಡೆ, ಬಿಗಿಯಾಗಿ ಬೀಗ ಹಾಕಿದ ಸಿಸ್ಟಮ್‌ಗಳಲ್ಲಿ ಡೀಬಗ್‌ಎಫ್‌ಎಸ್ ಮೌಂಟೇ ಆಗಿರುವುದಿಲ್ಲ. ಗಿರಾಕಿಯ ಮೆಷಿನ್‌ನಲ್ಲಿ ಬೇಕಾದಾಗ ಸಿಗದೇ ಇರುವ ಮಾಹಿತಿಯನ್ನು ಅಲ್ಲಿಡಬೇಡಿ.

ಡಿಮೆಸೇಜ್ ಸಾಲುಗಳನ್ನು ಗ್ರೆಪ್ ಮಾಡಿಕೊಂಡು ಬದುಕುವ ಸ್ಕ್ರಿಪ್ಟ್‌ಗಳ ಪಾಡು ಇನ್ನೂ ಕಷ್ಟ. ಕರ್ನಲ್‌ನಲ್ಲಿ ಯಾರೋ ಒಂದು ಕಾಗುಣಿತ ತಿದ್ದಿದರೆ ಅಲಾರಂ ಹೊಡೆಯುವುದೇ ನಿಲ್ಲುತ್ತದೆ, ಎಲ್ಲ ಸರಿ ಇದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇದಕ್ಕಾಗಿಯೇ 5.15ರಲ್ಲಿ ಪ್ರಿಂಟ್‌ಕೆ ಇಂಡೆಕ್ಸ್ ಬಂತು. ಕರ್ನಲ್‌ನೊಳಗಿನ ಎಲ್ಲ ಪ್ರಿಂಟ್‌ಕೆ ಫಾರ್ಮ್ಯಾಟ್‌ಗಳನ್ನೂ ಫೈಲ್ ಹೆಸರು, ಸಾಲಿನ ನಂಬರ್ ಸಮೇತ ಪಟ್ಟಿ ಮಾಡಿ ಕೊಡುತ್ತದೆ. ಎರಡು ಕರ್ನಲ್‌ಗಳ ಪಟ್ಟಿ ಹೋಲಿಸಿ, ನಮ್ಮ ರೆಜೆಕ್ಸ್ ಇನ್ನೂ ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಬಹುದು. ಪಠ್ಯ ಬದಲಾಗಬಾರದು ಅಂತ ಹಟ ಹಿಡಿಯುವ ಬದಲು ಬದಲಾಗಿದ್ದು ಗೊತ್ತಾಗುವಂತೆ ಮಾಡಿದ್ದು ನನಗೆ ಇಷ್ಟವಾಯಿತು.

ಲಾಗ್‌ನ ವಿಷಯದಲ್ಲೇ ನಿಮ್ಮ ಟೆಸ್ಟ್‌ನವರಿಗೆ ಇನ್ನೊಂದು ಸಮಾಧಾನದ ಸುದ್ದಿ. ಡಿಮೆಸೇಜ್‌ನ ಚೆಂದದ ಸಾಲುಗಳನ್ನು ಅವರು ಒಡೆಯಬೇಕಿಲ್ಲ. ಲಿನಕ್ಸ್ 3.5ರಿಂದ, ಅಂದರೆ 2012ರಿಂದ, ಡೆವ್ ಕೆಎಂಎಸ್‌ಜಿ ಫೈಲ್‌ನಲ್ಲಿ ಅದೇ ಲಾಗ್ ಬೇರೆ ರೂಪದಲ್ಲಿ ಸಿಗುತ್ತದೆ. ಒಂದು ದಾಖಲೆ 6,339,5140900,-; ಅಂತ ಶುರುವಾಗಿ ಆಮೇಲೆ ಸಂದೇಶ. 6 ಅನ್ನುವುದು ಮಟ್ಟ, 339 ಕ್ರಮಸಂಖ್ಯೆ, ಮೂರನೆಯದು ಮೈಕ್ರೋಸೆಕೆಂಡ್‌ನಲ್ಲಿ ಸಮಯ. ನಡುವೆ ಸಾಲುಗಳು ಅಳಿಸಿಹೋಗಿದ್ದರೆ ಕ್ರಮಸಂಖ್ಯೆ ಹಾರುತ್ತದೆ, ಕಳೆದುಹೋಗಿದ್ದು ಎಷ್ಟು ಅಂತ ಗೊತ್ತಾಗುತ್ತದೆ. ನೀವು ಡೆವ್-ವಾರ್ನ್, ಡೆವ್-ಎರರ್ ಥರದ ಮ್ಯಾಕ್ರೋ ಬಳಸಿ ಬರೆದಿದ್ದರೆ ಯಾವ ಡಿವೈಸ್, ಯಾವ ಸಬ್‌ಸಿಸ್ಟಮ್ ಅನ್ನುವುದೂ ಕೆಳಗಿನ ಸಾಲುಗಳಲ್ಲಿ ಕೀ-ವ್ಯಾಲ್ಯೂ ಆಗಿ ಬರುತ್ತದೆ. ಬರೀ ಪ್ರಿಂಟ್‌ಕೆ ಬರೆದರೆ ಇಷ್ಟೂ ಹೋಯಿತು.

ಹಾಗಾದರೆ ಬದುಕಿರುವ ಕರ್ನಲ್‌ನಿಂದ ಆಗಾಗ ಓದುವ ಪಠ್ಯ ಫೈಲ್ ಹೇಗಿರಬೇಕು? ಒಳ್ಳೆಯ ಮಾದರಿ ಬೇಕು ಅಂದರೆ ಪಿಎಸ್‌ಐ (ಸಿಪಿಯು, ಮೆಮೊರಿ, ಡಿಸ್ಕ್‌ಗೆ ಕಾದು ಕೆಲಸ ಎಷ್ಟು ನಿಂತಿತು ಅಂತ ಹೇಳುವುದು) ನೋಡಿ, 4.20ರಲ್ಲಿ ಬಂದದ್ದು. ಪ್ರೆಷರ್ ಫೈಲ್‌ನ ಒಂದು ಸಾಲು ಹೀಗಿರುತ್ತದೆ: ಸಮ್ ಎವಿಜಿ10=0.12 ಎವಿಜಿ60=0.05 ಎವಿಜಿ300=0.01 ಟೋಟಲ್=48213. ಕ್ಯಾಟ್ ಮಾಡಿದರೆ ಕಣ್ಣಿಗೆ ಅರ್ಥವಾಗುತ್ತದೆ. ಕಳೆದ 10, 60, 300 ಸೆಕೆಂಡ್‌ನಲ್ಲಿ ಶೇಕಡಾ ಎಷ್ಟು ಹೊತ್ತು ಕೆಲಸ ನಿಂತಿತ್ತು ಅಂತ. ಪ್ರೋಗ್ರಾಂಗೆ ಬೇಕಾದ್ದು ಕೊನೆಯ ಟೋಟಲ್. ಅದು ಮೈಕ್ರೋಸೆಕೆಂಡ್‌ನ ಕೂಡುಲೆಕ್ಕ, ಏರುತ್ತಲೇ ಹೋಗುತ್ತದೆ. ಎರಡು ಸಲ ಓದಿ ಕಳೆದರೆ ಯಾವ ಅವಧಿಯ ಸರಾಸರಿ ಬೇಕಾದರೂ ಸಿಗುತ್ತದೆ. ಮನುಷ್ಯನಿಗೆ ಬೇಯಿಸಿದ್ದು, ಯಂತ್ರಕ್ಕೆ ಹಸಿಯಾದದ್ದು, ಎರಡೂ ಒಂದೇ ಸಾಲಿನಲ್ಲಿ. ಪ್ರೋಸೆಸ್‌ಗಳ ಗುಂಪಿಗೆ ಮಿತಿ ಹಾಕುವ ಸಿಗ್ರೂಪ್‌ನ ಎರಡನೇ ಆವೃತ್ತಿಯಲ್ಲಿ ಇದನ್ನೇ ನಿಯಮವಾಗಿ ಬರೆದಿಟ್ಟಿದ್ದಾರೆ: ಒಂದೋ ಸಾಲಿಗೊಂದು ಹೆಸರು ಮತ್ತು ಬೆಲೆ, ಇಲ್ಲವೇ ಮೊದಲು ಡಿವೈಸ್ ನಂಬರ್ ಥರದ ಗುರುತು, ಆಮೇಲೆ ಹೆಸರು=ಬೆಲೆ ಜೋಡಿಗಳು. ಹೊಸದು ಬಂದರೆ ಇನ್ನೊಂದು ಜೋಡಿ ಸೇರುತ್ತದೆ, ಹಳೆಯದನ್ನು ಓದುವವರಿಗೆ ಗೊತ್ತೂ ಆಗುವುದಿಲ್ಲ.

ಇದೇ ಕೆಲಸಕ್ಕೆ ಜೇಸನ್ ಯಾಕೆ ಬೇಡ? ಜೇಸನ್ ಕೆಟ್ಟದ್ದು ಅಂತಲ್ಲ, ಅದನ್ನು ಕಟ್ಟುವ ಜಾಗ ಕರ್ನಲ್ ಅಲ್ಲ. ಕೋಟ್‌ಗಳನ್ನು ಎಸ್ಕೇಪ್ ಮಾಡಬೇಕು, ಕೊನೆಯ ಕಾಮಾ ನೋಡಿಕೊಳ್ಳಬೇಕು, ನಡುವೆ ಎರರ್ ಬಂದು ಹೊರಬಿದ್ದರೆ ಬ್ರಾಕೆಟ್ ಮುಚ್ಚಬೇಕು. 64 ಬಿಟ್ ಕೌಂಟರ್‌ಗಳನ್ನು ಜಾವಾಸ್ಕ್ರಿಪ್ಟ್ ಥರ ಎಲ್ಲ ನಂಬರನ್ನೂ ಡಬಲ್ ಆಗಿ ಇಟ್ಟುಕೊಳ್ಳುವ ಓದುಗರು 53 ಬಿಟ್ ದಾಟಿದ ಮೇಲೆ ಸದ್ದಿಲ್ಲದೆ ಕೆಡಿಸುತ್ತಾರೆ, ಅದು ಬೇರೆ. ಈ ಎಲ್ಲ ತಾಪತ್ರಯ ಯೂಸರ್ ಸ್ಪೇಸ್‌ನಲ್ಲಿರಲಿ. ಐಪಿ, ಬಿಪಿಎಫ್‌ಟೂಲ್ ಥರದ ಕಮಾಂಡ್‌ಗಳೆಲ್ಲವೂ ಹೀಗೇ ಮಾಡುತ್ತವೆ. ಕರ್ನಲ್‌ನಿಂದ ಬೈನರಿ ತರುತ್ತವೆ, ಬೇಕಾದವರಿಗೆ ಪಠ್ಯ, ಕೇಳಿದವರಿಗೆ ಜೇಸನ್.

ಬೈನರಿ ಅನ್ನುವ ಗೆಳೆಯರ ಮಾತಿಗೆ ಬರುತ್ತೇನೆ. ಪ್ಯಾಕೆಟ್ ಓಡುವ ದಾರಿಯಲ್ಲಿ ಅವರ ಮಾತೇ ಸರಿ. ಲೆಕ್ಕ ಹಾಕಿ ನೋಡಿ. ಸೀರಿಯಲ್ ಕನ್ಸೋಲ್ 115200 ಬಾಡ್‌ನಲ್ಲಿ ಓಡಿದರೆ ಸೆಕೆಂಡಿಗೆ 11520 ಅಕ್ಷರ. 80 ಅಕ್ಷರದ ಒಂದು ಸಾಲಿಗೆ ಸುಮಾರು 7 ಮಿಲಿಸೆಕೆಂಡ್. ಪ್ಯಾಕೆಟ್‌ಗೊಂದು ಪ್ರಿಂಟ್‌ಕೆ ಹಾಕಿದರೆ ಕಾರ್ಡ್ ನಿಂತಹಾಗೇ. ಎಷ್ಟೋ ಸಲ ಪ್ರಿಂಟ್‌ಕೆ ಹಾಕಿದ ಕೂಡಲೇ ಬಗ್ ಮಾಯವಾಗುವುದೂ ಇದರಿಂದಲೇ, ಸಮಯವೇ ಬದಲಾಗಿಬಿಡುತ್ತದೆ.

ಆದರೆ ಸ್ಟ್ರಕ್ಟನ್ನು ಹಾಗೇ ಸುರಿದರೆ ಏನಾಗುತ್ತದೆ ಅನ್ನೋದಕ್ಕೆ 2011ರ ಪವರ್‌ಟಾಪ್ (ವಿದ್ಯುತ್ ಬಳಕೆ ನೋಡುವ ಟೂಲ್) ಪ್ರಸಂಗ ಇದೆ. ಆಗ ಪ್ರತಿ ಟ್ರೇಸ್ ಈವೆಂಟ್‌ನ (ಕರ್ನಲ್ ಒಳಗಿನ ಒಂದು ಘಟನೆಯ ದಾಖಲೆ) ತಲೆಭಾಗದಲ್ಲಿ ಲಾಕ್ ಡೆಪ್ತ್ ಅನ್ನುವ 4 ಬೈಟ್‌ನ ಫೀಲ್ಡ್ ಇತ್ತು, ಬಿಗ್ ಕರ್ನಲ್ ಲಾಕ್‌ಗೆ ಸಂಬಂಧಿಸಿದ್ದು. ಆ ಲಾಕನ್ನೇ ಕರ್ನಲ್‌ನಿಂದ ಕಿತ್ತುಹಾಕಿದ ಮೇಲೆ ಫೀಲ್ಡ್ ಯಾಕೆ ಅಂತ ಅದನ್ನೂ ತೆಗೆದರು. ಪವರ್‌ಟಾಪ್ ಕೆಟ್ಟುಹೋಯಿತು. ಪ್ರತಿ ಫೀಲ್ಡ್ ಎಲ್ಲಿದೆ ಅಂತ ಹೇಳುವ ಫಾರ್ಮ್ಯಾಟ್ ಫೈಲ್ ಪಕ್ಕದಲ್ಲೇ ಇತ್ತು, ಪವರ್‌ಟಾಪ್ ಅದನ್ನು ಓದದೆ ಆಫ್‌ಸೆಟ್‌ಗಳನ್ನು ತನ್ನ ಕೋಡ್‌ನಲ್ಲೇ ಬರೆದುಕೊಂಡಿತ್ತು. ತಪ್ಪು ಯಾರದು ಅನ್ನುವ ಚರ್ಚೆ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಹತ್ತಿರ ನಡೆಯಲಿಲ್ಲ. ಬಳಕೆದಾರರ ಪ್ರೋಗ್ರಾಂ ಕೆಟ್ಟರೆ ಅದು ಕರ್ನಲ್‌ನ ತಪ್ಪೇ. ಯಾವ ಉಪಯೋಗವೂ ಇಲ್ಲದ 4 ಬೈಟ್ ಪ್ಯಾಡಿಂಗ್ ವಾಪಸ್ ಬಂತು.

ಫಾರ್ಮ್ಯಾಟ್ ಫೈಲ್ ಅಂದೆನಲ್ಲ, ನನ್ನ ಪ್ರಕಾರ ಈ ಇಡೀ ಪ್ರಶ್ನೆಗೆ ಕರ್ನಲ್ ಕೊಟ್ಟಿರುವ ಅತ್ಯಂತ ಜಾಣ ಉತ್ತರ ಅದೇ. ಟ್ರೇಸ್ ಫೈಲ್‌ಗಳಿರುವ ಟ್ರೇಸ್‌ಎಫ್‌ಎಸ್‌ನಲ್ಲಿ ಶೆಡ್ ಸ್ವಿಚ್ (ಸಿಪಿಯು ಒಂದು ಪ್ರೋಸೆಸ್ ಬಿಟ್ಟು ಇನ್ನೊಂದಕ್ಕೆ ಹೋಗುವ) ಈವೆಂಟ್‌ನ ಫಾರ್ಮ್ಯಾಟ್ ತೆರೆದರೆ, ಬಿಟ್ಟುಹೋಗುವ ಪ್ರೋಸೆಸ್‌ನ ಹೆಸರು 8ನೇ ಬೈಟ್‌ನಿಂದ 16 ಬೈಟ್, ಅದರ ಪಿಐಡಿ 24ನೇ ಬೈಟ್‌ನಿಂದ 4 ಬೈಟ್, ಸೈನ್ಡ್ ಅಂತೆಲ್ಲ ಬರೆದಿರುತ್ತದೆ. ಕೆಳಗೆ ಇವನ್ನೆಲ್ಲ ಸೇರಿಸಿ ಮನುಷ್ಯನಿಗೆ ಹೇಗೆ ಪ್ರಿಂಟ್ ಮಾಡಬೇಕು ಅನ್ನುವ ಸಾಲೂ ಇದೆ. ಈವೆಂಟ್ ನಡೆದಾಗ ರಿಂಗ್ ಬಫರ್‌ಗೆ ಹೋಗುವುದು ಬೈನರಿ ಮಾತ್ರ. ಟ್ರೇಸ್ ಫೈಲನ್ನು ಕ್ಯಾಟ್ ಮಾಡಿದಾಗ ಅದು ಪಠ್ಯವಾಗುತ್ತದೆ. ಟ್ರೇಸ್-ಸಿಎಂಡಿ ಅನ್ನುವ ಟೂಲ್ ಬೈನರಿಯನ್ನೇ ಎತ್ತಿಕೊಂಡು ಹೋಗಿ, ನಕ್ಷೆಯನ್ನೂ ಅದೇ ಫೈಲ್‌ನಲ್ಲಿ ಸೇರಿಸಿಕೊಂಡು, ಇನ್ನೊಂದು ಮೆಷಿನ್‌ನಲ್ಲಿ ಬೇಕಾದಾಗ ಬಿಡಿಸುತ್ತದೆ. ಟ್ರೇಸ್ ಈವೆಂಟ್ ಮ್ಯಾಕ್ರೋ ಒಂದು ಸಲ ಬರೆದರೆ ಇಷ್ಟೂ ನಿಮಗೆ ಪುಕ್ಕಟೆ.

ನಿಮ್ಮ ಡ್ರೈವರ್‌ಗೆ ಬಂದರೆ ನಾನು ಹೀಗೆ ಹಂಚುತ್ತೇನೆ. ಪ್ಯಾಕೆಟ್ ದಾರಿಯಲ್ಲಿ ಟ್ರೇಸ್‌ಪಾಯಿಂಟ್, ಅಂದರೆ ಮೇಲೆ ಹೇಳಿದ ಟ್ರೇಸ್ ಈವೆಂಟ್. ಬೈಟ್, ಡ್ರಾಪ್ ಥರದ ಕೌಂಟರ್‌ಗಳು ನೆಟ್‌ವರ್ಕ್ ಕಾರ್ಡ್ ನೋಡಿಕೊಳ್ಳುವ ಈಥ್‌ಟೂಲ್‌ನ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ, ಅಲ್ಲಿ ಪ್ರತಿ ಕೌಂಟರ್‌ಗೂ ಹೆಸರಿರುತ್ತದೆ. ಕಾರ್ಡ್ ಕೈಕೊಟ್ಟಾಗ ಕ್ಯೂಗಳ ಸ್ಥಿತಿ ತೆಗೆಯುವುದಕ್ಕೆ ಡೆವ್‌ಲಿಂಕ್ ಹೆಲ್ತ್, 5.1ರಲ್ಲಿ ಬಂದದ್ದು. ಡ್ರೈವರ್ ಒಳಗೆ ನೀವು ಹೆಸರು, ಬೆಲೆ ಅಂತ ಜೋಡಿಗಳನ್ನು, ಜೋಡಿಗಳ ಗುಂಪುಗಳನ್ನು ಕೊಡುತ್ತಾ ಹೋಗುತ್ತೀರಿ. ಕಾಮಾ, ಬ್ರಾಕೆಟ್ ತಲೆನೋವು ನಿಮ್ಮದಲ್ಲ. ಅದು ನೆಟ್‌ಲಿಂಕ್ ಮೂಲಕ ಹೊರಗೆ ಹೋಗುತ್ತದೆ, ಡೆವ್‌ಲಿಂಕ್ ಕಮಾಂಡ್ ಮಾಮೂಲಿಯಾಗಿ ಪಠ್ಯ ತೋರಿಸುತ್ತದೆ, ಜೆ ಆಯ್ಕೆ ಕೊಟ್ಟರೆ ಜೇಸನ್. ಟೆಸ್ಟ್‌ನವರ ಆಸೆ ಇಲ್ಲಿ ಪೂರೈಸುತ್ತದೆ. ಫರ್ಮ್‌ವೇರ್ ಮೆಮೊರಿಯನ್ನೇ ಪೂರ್ತಿ ತೆಗೆಯಬೇಕಾದರೆ ಡೆವ್‌ಕೋರ್‌ಡಂಪ್ ಇದೆ. ಅದು 5 ನಿಮಿಷದಲ್ಲಿ ತಾನಾಗಿ ಅಳಿಸಿಹೋಗುತ್ತದೆ, ಅಷ್ಟರೊಳಗೆ ಎತ್ತಿಡುವ ವ್ಯವಸ್ಥೆ ಮಾಡಿಕೊಳ್ಳಿ. ಡಿಮೆಸೇಜ್‌ಗೆ ಅಪರೂಪದ, ಒಂದೊಂದೇ ಸಾಲಿನ ಸುದ್ದಿ ಸಾಕು: ರೀಸೆಟ್ ಆಯಿತು, ಇಂಥ ಕ್ಯೂ ನಿಂತಿತು, ಸ್ಟೇಟಸ್ ಇಷ್ಟು. ಇಷ್ಟೆಲ್ಲ ಆದಮೇಲೆ ಡೀಬಗ್‌ಎಫ್‌ಎಸ್‌ಗೆ ಉಳಿಯುವುದು ನೀವು ನಾಲ್ಕು ಜನ ಮಾತ್ರ ನೋಡುವ ಸಾಮಾನು.

ವರ್ಷನ್ ನಂಬರ್ ಬಗ್ಗೆ ಕೇಳಿದ್ದಿರಿ. ಹೆಸರಿಲ್ಲದ ಕಾಲಮ್‌ಗಳ ಫೈಲ್ ಆದರೆ ಬೇಕೇ ಬೇಕು. ಕರ್ನಲ್ ಮೆಮೊರಿ ಲೆಕ್ಕದ ಸ್ಲ್ಯಾಬ್‌ಇನ್ಫೋ ಫೈಲ್‌ನ ಮೊದಲ ಸಾಲಿನಲ್ಲಿ 2.1 ಅಂತ ಇರುವುದು ಅದಕ್ಕೇ. ಡಿಸ್ಕ್ ಲೆಕ್ಕದ ಡಿಸ್ಕ್‌ಸ್ಟ್ಯಾಟ್ಸ್ ಫೈಲ್‌ನಲ್ಲಿ ವರ್ಷನ್ ಇಲ್ಲ. ಅಲ್ಲಿ 14 ಕಾಲಮ್ ಇದ್ದದ್ದು 4.18ರಲ್ಲಿ 18 ಆಯಿತು, 5.5ರಲ್ಲಿ 20 ಆಯಿತು. ಹೊಸವನ್ನು ಕೊನೆಗೇ ಸೇರಿಸಿದ್ದರಿಂದ ಎಡಗಡೆಯಿಂದ ಎಣಿಸುವವರಿಗೆ ಏನೂ ಆಗುವುದಿಲ್ಲ. ಬಲಗಡೆಯಿಂದ ಎಣಿಸುವವರು, ಸರಿಯಾಗಿ 14 ಇದೆಯಾ ಅಂತ ನೋಡುವವರು ಎಡವುತ್ತಾರೆ. ನೀವು ಹೆಸರು=ಬೆಲೆ ಬರೆಯುವುದಾದರೆ ವರ್ಷನ್ ಬೇಡ. ಒಂದು ಕೌಂಟರ್‌ನ ಅರ್ಥ ಬದಲಾದರೆ, ಉದಾಹರಣೆಗೆ ಪ್ಯಾಕೆಟ್ ಎಣಿಸುತ್ತಿದ್ದದ್ದು ಬೈಟ್ ಎಣಿಸೋಕೆ ಶುರು ಮಾಡಿದರೆ, ಹಳೇ ಹೆಸರು ತೆಗೆದು ಹೊಸ ಹೆಸರು ಕೊಡಿ. ಟೆಸ್ಟ್‌ನವರಿಗೂ ಒಂದು ಮಾತು ಹೇಳಿ: ಗೊತ್ತಿಲ್ಲದ ಹೆಸರು ಕಂಡರೆ ದಾಟಿಕೊಂಡು ಹೋಗಲಿ, ಗೊತ್ತಿರುವ ಹೆಸರು ಕಾಣದಿದ್ದರೆ ಸೊನ್ನೆ ಅಂತ ಬರೆದುಕೊಳ್ಳದೆ ಟೆಸ್ಟನ್ನೇ ಫೇಲ್ ಮಾಡಲಿ.